ಕಾಯ್ದೆ ಬಂತು, ನಿಯಮ ಬರಲಿಲ್ಲ

ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಅದೇ ಅರ್ಜಿ ಹಿಡಿದು ಸಾಲಿನಲ್ಲಿ ಬಂದು ನಿಲ್ಲುತ್ತದೆ. ನನ್ನ ಮಟ್ಟಿಗೆ ಅದು ಅಗ್ರಹಾರದ ಗುಡಿ ಮುಂದೆ ಹೂವು ಮಾರುವ ಒಬ್ಬ ಅಮ್ಮನ ರೂಪದಲ್ಲಿ ಬರುತ್ತಿತ್ತು.

ತಾಳಿ

ಬೀದಿ ವ್ಯಾಪಾರಿಗಳನ್ನು ಮನಸ್ಸಿಗೆ ಬಂದಂತೆ ಎಬ್ಬಿಸಬಾರದು, ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು ಎಂದು ಕಾಯ್ದೆ ಆಯಿತು. ಮಾರನೇ ದಿನವೇ ಆಕೆ ಆ ಸುದ್ದಿಯ ಪೇಪರ್ ತುಂಡು ಹಿಡಿದು ಹಾಜರ್. ಹಿಂದಿನ ವಾರವಷ್ಟೇ ಪಾಲಿಕೆಯವರು ಆಕೆಯ ಬುಟ್ಟಿಯನ್ನು ಹೂವಿನ ಸಮೇತ ಲಾರಿಗೆ ಎತ್ತಿಹಾಕಿದ್ದರು.

"ಪತ್ರ ಕೊಡಿ ಸ್ವಾಮಿ."

"ಕಾಯ್ದೆ ಬಂದಿದೆ ಕಣಮ್ಮ, ನಿಯಮ ಬಂದಿಲ್ಲ. ಪತ್ರ ಯಾರು ಕೊಡಬೇಕು, ಹೇಗೆ ಕೊಡಬೇಕು, ಎಲ್ಲಾ 'ನಿಯಮದಲ್ಲಿ ಹೇಳುವಂತೆ' ಅಂತ ಬರೆದುಬಿಟ್ಟಿದ್ದಾರೆ."

"ಅಂದ್ರೆ ತಾಳಿ ಕಟ್ಟವ್ರೆ, ಗಂಡು ಯಾರು ಅಂತ ಆಮೇಲೆ ಹೇಳ್ತಾರೆ!"

ಸಾರು

ತಿಂಗಳುಗಳು ಕಳೆದವು. ಆಕೆ ಮತ್ತೆ ಬಂದು, "ಈ ನಿಯಮಾನೂ ಕಾಯ್ದೆ ಮಾಡಿದವ್ರೇ ಯಾಕೆ ಬರೀಲಿಲ್ಲ?" ಎಂದರು.

"ಅಗ್ರಹಾರದ ಗಲ್ಲಿ ಒಂಥರ, ವಿದ್ಯಾರಣ್ಯಪುರಂ ರಸ್ತೆ ಇನ್ನೊಂಥರ. ಅಳತೆ ಬದಲಾದಾಗಲೆಲ್ಲ ಸದನ ಕೂಡಿಸೋಕಾಗುತ್ತಾ? ಅವರು ಉದ್ದೇಶ ಹೇಳಿ, ವಿವರ ಸರ್ಕಾರಕ್ಕೆ ಬಿಡ್ತಾರೆ. ಸರ್ಕಾರ ಮಾತ್ರ ಆ ಉದ್ದೇಶದ ಗೆರೆ ದಾಟಬಾರದು."

"ನಮ್ಮತ್ತೇನೂ ಅಂಗೇ. 'ಸಾರು ಮಾಡು' ಅಂದು ಎದ್ದೋಗೋರು. ಉಪ್ಪು, ಹುಳಿ ನಂದು."

"ಸರಿಯಾಗಿ ಹೇಳಿದಿರಿ."

"ಬೈಗುಳಾನೂ ನಂದೇ."

ಅಳತೆ

ಕೊನೆಗೆ ಕರಡು ನಿಯಮ ಪ್ರಕಟವಾಯಿತು, ಆಕ್ಷೇಪಣೆ ಇದ್ದರೆ ತಿಳಿಸಿ ಎಂಬ ಒಕ್ಕಣೆಯೊಂದಿಗೆ. ಕೂತು ಪೂರ್ತಿ ಓದಿದೆ. ಎಲ್ಲೆಲ್ಲೂ ಗಾಡಿ, ಗಾಡಿಯ ಉದ್ದ, ಗಾಡಿಯ ಅಗಲ. ನೆಲದ ಮೇಲೆ ಬುಟ್ಟಿ ಇಟ್ಟು ಕೂರುವವರ ಸುದ್ದಿಯೇ ಇಲ್ಲ. ಹಾಗೇ ಬಿಟ್ಟರೆ ಆಕೆಗೆ ಪತ್ರವೂ ಇಲ್ಲ, ಜಾಗವೂ ಇಲ್ಲ. ಆಕೆಗೆ ಹೇಳಿಕಳಿಸಿ, ಆಕೆಯ ಹೆಸರಲ್ಲಿ ನಾನೇ ಆಕ್ಷೇಪಣೆ ಬರೆದುಕೊಟ್ಟೆ.

ಆಕ್ಷೇಪಣೆಗಳ ವಿಚಾರಣೆಯ ದಿನ ಅಧಿಕಾರಿ ತಲೆ ಎತ್ತದೆ ಕೇಳಿದರು: "ಗಾಡಿ ಉದ್ದಗಲ?"

"ಗಾಡಿ ಇಲ್ಲ ಸಾರ್. ನಾನೇ ಉದ್ದ, ನಾನೇ ಅಗಲ. ಅಳ್ಕೊಳ್ಳಿ."

ಅಧಿಕಾರಿ ಪೆನ್ನು ಕೆಳಗಿಟ್ಟು, ಅವತ್ತು ಮೊದಲ ಸಲ ಒಬ್ಬ ಅರ್ಜಿದಾರರ ಮುಖ ನೋಡಿದರು.

ಒಂದು ಪದ

ಅಂತಿಮ ನಿಯಮದಲ್ಲಿ "ಗಾಡಿ ಅಥವಾ ಬುಟ್ಟಿ" ಎಂದಿತ್ತು. ಆಕೆಯ ಪತ್ರಕ್ಕೆ ಮೊಹರು ಒತ್ತಿ ಕೊಟ್ಟೆ. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದರು, "ನಮ್ಮ ಬುಟ್ಟಿಗೆ ಎಮ್ಮೆಲ್ಲೆಗಳೆಲ್ಲ ಕೈ ಎತ್ತಿದ್ರಾ?"

"ಇಲ್ಲ ಕಣಮ್ಮ. ನಿಯಮ ಮಾಡಿದ ಮೇಲೆ ಸದನದ ಮುಂದೆ ಇಡ್ತಾರೆ. ಅವರು ಓದಿ, ತಪ್ಪು ಕಂಡರೆ ಬದಲಾಯಿಸಬಹುದು."

"ಓದ್ತಾರಾ?"

"ಓದಬೇಕು..." ಎಂದು ತೊದಲಿದೆ.

ಆಕೆ ಆಚೀಚೆ ನೋಡಿ, ಕೌಂಟರಿಗೆ ಬಗ್ಗಿ, ಪಿಸುಗುಟ್ಟಿದರು: "ಓದದು ಬ್ಯಾಡ ಬುಡಿ ಸ್ವಾಮಿ. ಓದಿದ್ರೆ ಹೂವಿಗೂ ಉದ್ದಗಲ ಕೇಳ್ತಾರೆ!"