ಒಂದು ತಕರಾರು ಅರ್ಜಿಯ ಕರಡು

ಚೆನ್ನಾಗಿ ಅರ್ಜಿ ಬರೆಯುತ್ತಾಳೆ ಎಂಬ ಹೆಸರು ಯಾವ ಹೆಣ್ಣುಮಗಳಿಗೂ ಬರಬಾರದು. ಚೆನ್ನಾಗಿ ಹಾಡುತ್ತಾಳೆ ಎಂದರೆ ಮದುವೆಮನೆಯಲ್ಲಿ ಒಂದು ಹಾಡಿಗೆ ಮುಗಿಯುತ್ತದೆ. ಹೋಳಿಗೆ ಚೆನ್ನಾಗಿ ಮಾಡುತ್ತಾಳೆ ಎಂದರೆ ವರ್ಷಕ್ಕೆರಡು ಹಬ್ಬ. ಅರ್ಜಿಗೆ ಮಾತ್ರ ಋತುಮಾನವಿಲ್ಲ. ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಟ್ಯಾಂಕು ಸೋರಿದರೂ, ಬೀದಿನಾಯಿ ಪಾರ್ಕಿಂಗಿನಲ್ಲಿ ಮರಿ ಹಾಕಿದರೂ, ಯಾರದೋ ಆಧಾರ್ ಕಾರ್ಡಿನಲ್ಲಿ ಗಂಡನ ಜಾಗಕ್ಕೆ ಮಾವನ ಹೆಸರು ಬಿದ್ದರೂ ನಮ್ಮ ಮನೆಯ ಕರೆಗಂಟೆ ಬಡಿದುಕೊಳ್ಳುತ್ತದೆ. ನಾನು ಮಾತು ಕಡಿಮೆಯವಳು. ಜನ ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ.

ಕಳೆದ ಶ್ರಾವಣದ ಒಂದು ಭಾನುವಾರ ಹಾಗೆ ಬಂದವರು ನಮ್ಮ ಕಟ್ಟಡದ ಚೇರಮನ್ ಚೌಗುಲೆ ಕಾಕಾ. ನಮ್ಮ ಹಾಗೇ ಸಲಗರೆ ಕಡೆಯ ಜೈನರು. ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಕೂದಲು ಹಣ್ಣಾದವರು. ಸಭೆಯಲ್ಲಿ ಮರಾಠಿ ಮಾತಾಡುತ್ತಾರೆ, ಕೆಲಸವಿದ್ದಾಗ ಕನ್ನಡ. ಅವತ್ತು ಬಾಗಿಲಲ್ಲೇ ಕನ್ನಡ ಶುರುವಾಯಿತು. ವಿಷಯ ಇಷ್ಟು: ಕೆಳ ಅಂತಸ್ತಿನ ಖಾಲಿ ಫ್ಲ್ಯಾಟನ್ನು ಪುಣೆಯಲ್ಲಿರುವ ಅದರ ಮಾಲೀಕರು ಮಿರಜದ ಒಬ್ಬ ಮುಸ್ಲಿಂ ಅಧ್ಯಾಪಕಿಗೆ ಬಾಡಿಗೆ ಕೊಡಲಿದ್ದಾರೆ. ನಮ್ಮ ಎಂಟು ಮನೆಗಳಿಗೂ ಅದು ಬೇಡ. ಹಾಗಾದರೆ ಕಾರಣ ಬರೆದು ಎಲ್ಲರ ಸಹಿ ಹಾಕಿ ಕಳಿಸಿ, ಬಿಟ್ಟುಬಿಡುತ್ತೇನೆ ಎಂದು ಮಾಲೀಕರು ಹೇಳಿದ್ದರಂತೆ.

ಕಾಕಾ ದನಿ ತಗ್ಗಿಸಿದರು. “ಕಾರಣ ಇರಬೇಕು ನೋಡವಾ. ಆದ್ರ ಆ ಕಾರಣ ಇರಬಾರ್ದು.”

ನನಗೆ ತಕ್ಷಣ ಅರ್ಥವಾಯಿತು. ವಿಶ್ವವಿದ್ಯಾಲಯದಲ್ಲಿ ಓದಿದ್ದು ಎಲ್ಲೂ ವ್ಯರ್ಥವಾಗುವುದಿಲ್ಲ.

ಕಾಕಾಗೆ ನಾನು ಹೇಳದೇ ಇದ್ದದ್ದು ಒಂದಿತ್ತು. ಆ ಅಧ್ಯಾಪಕಿ ರುಬೀನಾ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನವಳು, ರಸಾಯನಶಾಸ್ತ್ರ ಕಲಿಸುತ್ತಾಳೆ. ಆ ಫ್ಲ್ಯಾಟು ಖಾಲಿ ಇದೆ ಎಂದು ಅವಳಿಗೆ ಹೇಳಿದವಳೇ ನಾನು. ಅವಳ ತಾಯಿಯ ಎರಡೂ ಮೊಣಕಾಲು ಹೋಗಿವೆ. ಮಿರಜದ ಮೂರನೇ ಮಹಡಿಯಿಂದ ಅವರು ದವಾಖಾನೆಗೆ ಬಿಟ್ಟರೆ ಬೇರೆಲ್ಲಿಗೂ ಇಳಿಯುವುದಿಲ್ಲ. ಮೆಟ್ಟಿಲಿಲ್ಲದ ಮನೆಯೊಂದು ಸಿಕ್ಕರೆ ಸಾಕಿತ್ತು. ಇದನ್ನೆಲ್ಲ ಹೇಳಬಹುದಿತ್ತು. ನಾನು ಪೆನ್ನು ತೆಗೆದುಕೊಂಡೆ.

ಮೊದಲ ಕರಡು ಸೊಗಸಾಗಿತ್ತು: ಮಾಂಸಾಹಾರಿಗಳಿಗೆ ಮನೆ ಕೊಡಬಾರದು. ಕಾಕಾ ತಲೆದೂಗಿದರು, ಆಮೇಲೆ ಅವರ ಮುಖ ಸಣ್ಣದಾಯಿತು. ಎರಡನೇ ಮಹಡಿಯ ಮೋಹಿತೆಯವರ ಮಟನ್ನಿನ ಘಮವೇ ನಮ್ಮ ಕಟ್ಟಡಕ್ಕೆ ವಾರ ಯಾವುದೆಂದು ತಿಳಿಸುವ ಪಂಚಾಂಗ. ಅವರ ಸಹಿ ಇಲ್ಲದೆ ಎಂಟಾಗುವುದಿಲ್ಲ. ನೆಂಟರಿಷ್ಟರ ಓಡಾಟ ಹೆಚ್ಚು ಎಂದು ಬರೆದೆ. ಕಾಕಾರ ಮೊಮ್ಮಗನ ನಾಮಕರಣಕ್ಕೆ ಬಂದವರು ನಾಲ್ಕು ದಿನ ತಾರಸಿಯ ಮೇಲೆ ಮಲಗಿದ್ದು ಅವರಿಗೇ ನೆನಪಾಯಿತು. ಗದ್ದಲ ಎಂದು ಬರೆದೆ. ಗಣಪತಿಯ ಹತ್ತು ದಿನ ಪಾರ್ಕಿಂಗಿನಲ್ಲಿ ಇಡುವ ಸ್ಪೀಕರಿಗೆ ನಮ್ಮ ಅಡುಗೆಮನೆಯ ಡಬ್ಬಿಗಳು ಕುಣಿಯುತ್ತವೆ. ಅದು ನಮ್ಮ ಗದ್ದಲ, ಬೇರೆ ಎಂದರು ಕಾಕಾ. ಹಾಗಾದರೆ ‘ನಮ್ಮದಲ್ಲದ ಗದ್ದಲ’ ಎಂದು ಬರೆಯಲೇ ಎಂದು ವಿನಯದಿಂದ ಕೇಳಿದೆ. ಹಂಗಿಸುತ್ತಿದ್ದೇನೆಂದು ಅವರಿಗೆ ಅನುಮಾನ ಬಂತು. ಸುಳ್ಳೇನಲ್ಲ.

ಕೊನೆಗೆ, ರಮಜಾನಿನಲ್ಲಿ ಅವರು ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುತ್ತಾರಲ್ಲ, ಅದನ್ನು ಹಾಕು ಎಂದರು. ಅದನ್ನೂ ಬರೆದೆ. ಚಾತುರ್ಮಾಸದ ನೇಮದಲ್ಲಿದ್ದ ನಮ್ಮ ಅಜ್ಜಿ ಒಳಗಿನಿಂದ ಕೇಳಿಸಿಕೊಂಡಿದ್ದಳು.

“ಹೊತ್ತು ಮುಳುಗೂದ್ರಾಗ ನಾವು ಉಂಡು ಏಳ್ತೀವಿ. ಮುಳುಗಿದ ಮ್ಯಾಲೆ ಅವರು ಉಣ್ಣಾಕ ಕುಂದರ್ತಾರ. ನಳದ ನೀರಿಗೆ ಜಗಳಾರ ತಪ್ತೈತಿ ಬಿಡೊ.”

ಕಾಕಾ ಎದ್ದು ಹೋದರು, ನಾಳೆ ನೋಡೋಣ ಎಂದು. ಪಾಪ, ಅವರು ರುಬೀನಾಳನ್ನು ನೋಡಿದವರಲ್ಲ. ಅವರು ನೋಡಿರುವ ಮುಸಲ್ಮಾನ ಬೆಳಿಗ್ಗೆ ಆರಕ್ಕೆ ಶುಭೋದಯದ ಗುಲಾಬಿ ಹೂವಿನ ಬೆನ್ನಿಗೇ ಮೊಬೈಲಿಗೆ ಬರುವವನು. ಅವನು ದೇಶವನ್ನೇ ನುಂಗಲು ಹೊಂಚು ಹಾಕಿ ಕುಳಿತಿದ್ದಾನೆ. ನಮ್ಮ ರುಬೀನಾಗೆ ಪ್ರಿನ್ಸಿಪಾಲರಿಂದ ಅರ್ಧ ದಿನದ ರಜೆ ಗಿಟ್ಟಿಸಲೂ ಬರುವುದಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಅವಳೇ ಮಾತು ತೆಗೆದಳು. ಅವಳ ತಾಯಿ ವಿಜಯಪುರದ ಕಡೆಯವರಾದ್ದರಿಂದ ನಮ್ಮ ಮಾತು ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಮಾಲೀಕರು ಫೋನ್ ಮಾಡಿ, ಕಟ್ಟಡದವರು ಏನೋ ಬರೆದುಕೊಡುತ್ತಾರಂತೆ, ಕಾಯಿರಿ ಎಂದಿದ್ದರು. ಬರೆಯುವವಳು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಇದು ಅವಳಿಗೆ ಐದನೇ ಮನೆ. ಹಿಂದಿನ ಕಾರಣಗಳನ್ನೆಲ್ಲ ಪ್ರಯೋಗದ ಫಲಿತಾಂಶ ಓದುವವಳಂತೆ ಹೇಳಿದಳು: ಗೋಡೆ ಸೋರುತ್ತದೆ, ಮಾಲೀಕರ ಮೈದುನ ಬರುತ್ತಾನೆ, ಬಣ್ಣ ಹಚ್ಚಬೇಕು, ಮತ್ತೆ ಮೈದುನ.

“ಈ ಸಲ ಏನರ ಹೊಸಾದು ಬರೀಲಿ,” ಎಂದಳು. “ನಾ ನಂಬಿದಂಗ ಮಾಡ್ತೀನಿ. ಅಮ್ಮೀಗೆ ಹೇಳಾಕ ಒಂದು ಬೇಕು.”

ನಾನು ಉತ್ತರಪತ್ರಿಕೆಯೊಂದರ ಮೇಲೆ ಬಗ್ಗಿದೆ. ಆ ಹುಡುಗನಿಗೆ ಅವತ್ತು ಎಷ್ಟು ಅಂಕ ಕೊಟ್ಟೆನೋ ದೇವರಿಗೇ ಗೊತ್ತು.

ಸಂಜೆ ಕಾಕಾಗೆ ಕೊನೆಯ ಕರಡು ಕೊಟ್ಟೆ. ಒಂದೇ ಸಾಲು: ‘ಮನೆ ಕೇಳಿದವರು ಮುಸಲ್ಮಾನರು, ಬೇರೆ ತಕರಾರಿಲ್ಲ.’ ಕೆಳಗೆ ಎಂಟು ಹೆಸರು, ಎಂಟು ಗೆರೆ. ಕಾಕಾ ಅದನ್ನು ಹಿಡಿದು ಒಂದು ವಾರ ಮೆಟ್ಟಿಲು ಹತ್ತಿ ಇಳಿದರು. ಸರ್ಕಾರಿ ನೌಕರಿಯವರು ತಾವು ಇಂಥದಕ್ಕೆ ಸಹಿ ಹಾಕುವಂತಿಲ್ಲ ಎಂದರು. ಒಬ್ಬಾಕೆ ಗಂಡನನ್ನು ಕೇಳಬೇಕೆಂದಳು, ಗಂಡ ಹೆಂಡತಿಯನ್ನು. ಮಾತು ಖರೆ, ಬರೆದರೆ ಚೆಂದ ಕಾಣುವುದಿಲ್ಲ ಎಂದು ಮೋಹಿತೆಯವರು ಒಪ್ಪಿಕೊಂಡರು. ಚಹಾ ಕುಡಿಯುತ್ತ, ಫೋನಿನಲ್ಲಿ, ಲಿಫ್ಟಿಗೆ ಕಾಯುತ್ತ ದಿನವೂ ಆಡುವ ಮಾತಿನ ಕೆಳಗೆ ತಮ್ಮ ಹೆಸರು ಹಾಕಲು ಒಬ್ಬರಿಗೂ ಕೈ ಬರಲಿಲ್ಲ. ಕಾಕಾ ತಮ್ಮ ಗೆರೆಯನ್ನೂ ಖಾಲಿ ಬಿಟ್ಟಿದ್ದರು. ಕಾಗದ ಹೋದಷ್ಟೇ ಬೆಳ್ಳಗೆ ವಾಪಸು ಬಂತು, ಮಾಲೀಕರು ಕೀಲಿ ಕೊಟ್ಟರು.

ಇದನ್ನು ಸ್ವಾಗತ ಎಂದು ಕರೆಯುವಷ್ಟು ನಾನು ಮಂಕಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಮತ ಹಾಕಿ, ನಮ್ಮ ಮಕ್ಕಳಿಗೆ ಪಾಠ ಹೇಳುವವರು ಕೆಳ ಅಂತಸ್ತಿನ ಎರಡು ಕೋಣೆಗೆ ಪರೀಕ್ಷೆ ಕಟ್ಟಬೇಕು. ನಮ್ಮ ಎಂಟು ಮನೆಗಳಲ್ಲಿ ಒಂದನ್ನೂ ಯಾರೂ ಪರೀಕ್ಷೆಗೆ ಕೂರಿಸಿಲ್ಲ. ಕೂರಿಸಿದ್ದರೆ ನನ್ನ ಮೊದಲ ನಾಲ್ಕು ಕರಡುಗಳಿಗೇ ಕಟ್ಟಡ ಖಾಲಿಯಾಗುತ್ತಿತ್ತು.

ಬಂದ ಎರಡನೇ ವಾರ ರುಬೀನಾಳ ತಾಯಿ ಬಾಗಿಲ ಮುಂದೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ನನ್ನನ್ನು ಕರೆದು ಕೈಗೆ ಶಾವಿಗೆ ಖೀರಿನ ಬಟ್ಟಲು ಕೊಟ್ಟರು. ಅವರಿಗೆ ಯಾರು ಹೇಳಿದ್ದರೋ, ಅರ್ಜಿ ಬರೆಯುವ ಹುಡುಗಿ ಬರೆಯಲು ಒಪ್ಪಲಿಲ್ಲವಂತೆ, ಅದಕ್ಕೇ ಎಲ್ಲ ನಿಂತಿತಂತೆ.

“ಒಬ್ಬಾಕಿ ಆದ್ರೂ ಆಗೂದಿಲ್ಲ ಅಂದಿ ನೋಡವಾ,” ಎಂದರು.

ಐದು ಕರಡುಗಳೂ ಮೇಲೆ ನನ್ನ ಕಪಾಟಿನಲ್ಲಿದ್ದವು, ನನ್ನದೇ ಅಕ್ಷರದಲ್ಲಿ. ಎಂಟು ಗೆರೆಗಳಲ್ಲಿ ನಾಲ್ಕನೆಯದು ನಮ್ಮ ಮನೆಯದು. ಹೇಳಲೆಂದು ಬಾಯಿ ತೆರೆದೆ. ಇನ್ನೊಂದು ಸೌಟು ಹಾಕಲೇ ಎಂದು ಅವರು ಕೇಳಿದರು. ಹಾಕಿ ಎಂದೆ.