ಒಂದು ಗುಳ್ಳೆಯೂ ಇಲ್ಲದ ಮೇಣದ ಕಮಲ

ಹಚ್ಚಬೇಕಾದ ವಸ್ತುವನ್ನು ಷೋಕೇಸಿನಲ್ಲಿಟ್ಟು ಧೂಳು ಒರೆಸುತ್ತಾ ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಗ ಮೇಣದಬತ್ತಿ ಮೇಣದಬತ್ತಿಯ ಹಾಗಿದ್ದರೆ ಅದಕ್ಕೆ ಮರ್ಯಾದೆಯಿಲ್ಲವಂತೆ. ಕಾಫಿ ಲೋಟದ ಹಾಗಿರಬೇಕು, ಜಿಲೇಬಿಯ ಹಾಗಿರಬೇಕು, ಮೂಸಿದರೆ ಮಲ್ಲಿಗೆ ಘಮ್ಮೆನ್ನಬೇಕು. ಕರೆಂಟು ಹೋದಾಗ ಮಾತ್ರ ಅದನ್ನು ಮುಟ್ಟಬಾರದು! ನನ್ನ ಹೆಂಡತಿ ಸುಮ ಮೊಬೈಲ್ ನೋಡಿ ಈ ವಿದ್ಯೆ ಕಲಿತ ಮೇಲೆ ನಮ್ಮ ಮನೆಯ ಸಾರಿಗೂ ಸೆಂಟಿನ ವಾಸನೆ.

ಇದನ್ನು ಹಂಗಿಸುವ ಅಧಿಕಾರ ನನಗಿದೆ ಎಂದೇ ತಿಳಿದಿದ್ದೆ. ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ಮೇಣದ ಅಚ್ಚುಗಳನ್ನು ತಪಾಸಣೆ ಮಾಡುವವನು ನಾನು. ಪಂಪಿನ ಬಿಡಿಭಾಗವನ್ನು ಮೊದಲು ಮೇಣದಲ್ಲಿ ಮಾಡಿ, ಸುತ್ತ ಗಟ್ಟಿ ಲೇಪ ಕೊಟ್ಟು, ಮೇಣವನ್ನು ಕರಗಿಸಿ ತೆಗೆದು ಆ ಜಾಗಕ್ಕೆ ಉಕ್ಕು ಸುರಿಯುತ್ತೇವೆ. ಮೇಣದಲ್ಲಿ ಒಂದು ಗುಳ್ಳೆ, ಒಂದು ಕೂದಲೆಳೆ ಕಂಡರೂ ಎತ್ತಿ ಪಕ್ಕಕ್ಕೆಸೆಯುತ್ತೇನೆ. ಇಂಥ ಕಣ್ಣಿಗೆ ಸುಮಳ ಕಮಲಗಳು ಬಿದ್ದವು.

"ಇದು ಕಮಲವೋ, ಎಲೆಕೋಸೋ?" ಎಂದೆ.

"ನೀವು ಸುಮ್ನಿರ್ತೀರಾ? ಗಂಗಮ್ಮನೋರ ಮನೆ ಆರ್ಡರ್ ಅದು."

ಗಂಗಮ್ಮ ನಮ್ಮ ಮನೆ ಓನರ್. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುವವರು. ಅವರ ಮಗಳ ಸೀಮಂತಕ್ಕೆ, ಬಾಗಿಲಲ್ಲಿ ಇಡುವ ಉರುಳಿಯ ನೀರಿನಲ್ಲಿ ತೇಲಿಸಿ ಹಚ್ಚಲು ಕಮಲಗಳು ಬೇಕಾಗಿದ್ದವು. ಸುಮಳಿಗೆ ಇದೇ ಮೊದಲ ಆರ್ಡರ್. ಬೀದಿಯ ಹೆಂಗಸರೆಲ್ಲ ಅಲ್ಲಿಗೆ ಬರುವವರು. ಮೆಚ್ಚಿದರೆ ಅವಳ ಕೆಲಸಕ್ಕೆ ದಾರಿಯಾಯಿತು, ಇಲ್ಲದಿದ್ದರೆ ಎಲ್ಲರೆದುರು ಮುಖಭಂಗ. ಪಾಪ, ಎರಡು ದಿನದಿಂದ ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಸೀಮಂತದ ದಿನ ಮಧ್ಯಾಹ್ನ ಅವಳು ಹೂ ತರಲು ಹೋದಳು. ನಾನು ಉಪಕಾರಕ್ಕೆ ನಿಂತೆ. ವಕ್ರ ಎಸಳಿನ ಆ ಕಮಲಗಳನ್ನೆಲ್ಲ ಪಾತ್ರೆಗೆ ಹಾಕಿ ಕರಗಿಸಿದೆ. ತೇಲಿ ಬಂದ ಕಸಕಡ್ಡಿ, ನೂಲು, ಎಲ್ಲವನ್ನೂ ಸೋಸಿ ಬಿಸಾಡಿದೆ. ಹದವಾದ ಬಿಸಿಯಲ್ಲಿ, ನಿಧಾನವಾಗಿ, ಅವಳದೇ ಅಚ್ಚುಗಳಿಗೆ ಹೊಯ್ದೆ. ಆಹಾ, ಒಂದು ಗುಳ್ಳೆಯಿಲ್ಲ! ನಾನೇ ಡಬ್ಬಿಗೆ ತುಂಬಿ ಟೇಪು ಸುತ್ತಿದೆ. ಸುಮ ತೆಗೆದು ನೋಡಲು ಬಂದರೆ, "ಮುಟ್ಟಬೇಡ, ಬೆರಳಿನ ಗುರುತಾಗುತ್ತೆ," ಎಂದು ಗದರಿಸಿದೆ.

ಸಂಜೆ ಗಂಗಮ್ಮನವರ ಬಾಗಿಲ ಉರುಳಿಯಲ್ಲಿ ಕಮಲಗಳು ತೇಲಿದವು. ಹೆಂಗಸರು "ಸಕ್ಕತ್ತಾಗವೆ" ಎಂದರು. ನಾನು ಕಾಲರ್ ಸರಿಮಾಡಿಕೊಂಡೆ. ಗಂಗಮ್ಮ ಕಡ್ಡಿ ಗೀರಿ ಬಗ್ಗಿದರು. ಈ ಕಮಲ ನೋಡಿದರು, ಆ ಕಮಲ ನೋಡಿದರು. ಕಡ್ಡಿಯ ಉರಿ ಬೆರಳಿಗೆ ಬಂತು.

"ಇದೇನ್ ಸಾರ್ ಇಂಗೆ? ಬತ್ತೀನೇ ಇಲ್ವಲ್ಲ, ಎಲ್ಲಿಗ್ ಅಂಟಿಸ್ಲಿ?"

ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಾರ್ಖಾನೆಯಲ್ಲಿ ಮೇಣವನ್ನು ಯಾರು ಹಚ್ಚುತ್ತಾರೆ ಸ್ವಾಮಿ! ಹೆಂಗಸರು ಕಿಸಕ್ಕೆಂದರು. ಸುಮಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಳು ದೇವರ ಮನೆಯಿಂದ ಹತ್ತಿಯ ಹೂಬತ್ತಿ ಕೇಳಿ ಪಡೆದಳು, ಎಣ್ಣೆಯಲ್ಲಿ ಅದ್ದಿದಳು, ಮುಡಿಯ ಪಿನ್ನು ಕಾಯಿಸಿ ನನ್ನ ನುಣುಪಾದ ಕಮಲಗಳಿಗೆಲ್ಲ ತೂತು ಕೊರೆದು ಒಂದೊಂದಾಗಿ ನೆಟ್ಟಳು. ಬಾಗಿಲು ಬೆಳಗಿತು.

"ಯಾರಮ್ಮ ಮಾಡಿದ್ದು ಇದ್ನ?" ಎಂದು ಒಬ್ಬಾಕೆ ಕೇಳಿದರು.

"ಬತ್ತಿ ಮಾತ್ರ ನಂದು ಅಕ್ಕ. ಮಿಕ್ಕಿದ್ದೆಲ್ಲ ನಮ್ಮನೆಯವ್ರದ್ದು," ಎಂದಳು ಸುಮ.

ಎಸಳುಗಳ ನಯದ ಬಗ್ಗೆ ಎರಡು ಮಾತು ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸರೆಲ್ಲ ಬತ್ತಿಯವಳ ನಂಬರ್ ಬರೆದುಕೊಳ್ಳುತ್ತಿದ್ದರು.