ಪಾತಾಳ ಗುಹೆಯಲ್ಲಿ ಮುಷ್ಕರ

ಊಟದ ಮೇಜಿನ ಮೇಲೆ ಊಟವನ್ನೇ ಮಾಡಬೇಕೆಂದು ಯಾವ ಶಾಸನದಲ್ಲಿ ಕೊರೆದಿದೆ? ಕನ್ನಡಕದ ಅಂಗಡಿಯ ಯಜಮಾನರಿಗೆ ಇದೊಂದು ಆರದ ಸಿಟ್ಟು. ಭಾನುವಾರ ಬಂತೆಂದರೆ ಅವರ ಮನೆಯ ಮೇಜು, ಬಾಯಲ್ಲೇ ಆಡುವ ಸಾಹಸದಾಟದ ಪಾತಾಳ ಗುಹೆ. ರಟ್ಟಿನ ಮರೆ ನಿಲ್ಲಿಸಿ, ಅದರ ಹಿಂದೆ ನಕ್ಷೆ ಹರಡಿಕೊಂಡು ಅವರು ವಿರಾಜಮಾನರಾಗುತ್ತಿದ್ದರು. ಎದುರಿಗೆ ಭಾವಮೈದ ಮತ್ತು ಡ್ರೈವಿಂಗ್ ಶಾಲೆಯ ಮೇಷ್ಟ್ರು, ಇಬ್ಬರು ವೀರರು. ಗುಹೆಯಲ್ಲಿ ಏನಿದೆಯೆಂದು ಯಜಮಾನರು ಹೇಳುವುದು, ತಾವೇನು ಮಾಡುತ್ತೇವೆಂದು ವೀರರು ಹೇಳುವುದು, ಗೆದ್ದರೋ ಸತ್ತರೋ ಎಂಬುದನ್ನು ದಾಳ ಹೇಳುವುದು. (ಹೆಂಡತಿ ಹೇಳುವುದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.)

ಅದೂ ಹಳೇ ಪದ್ಧತಿಯ ಆಟ. "ಈಗಿನ ಆಟಗಳಲ್ಲಿ ಸತ್ತ ವೀರ ಮೈ ಕೊಡವಿಕೊಂಡು ಏಳ್ತಾನಂತೆ, ಥೂ!" ಎಂದು ಯಜಮಾನರು ಉರಿದುಬೀಳುತ್ತಿದ್ದರು. ಇವರ ಗುಹೆಯಲ್ಲಿ ಸತ್ತವನು ಸತ್ತ. ಪಂಜು ಆರಿದರೆ ಕತ್ತಲೆ. ನಿಯಮವೆಂದರೆ ನಿಯಮ.

ಅಂದು ಅವರು ತಿಂಗಳುಗಟ್ಟಲೆ ಕನಸು ಕಂಡು ರೂಪಿಸಿದ್ದ ಡ್ರ್ಯಾಗನ್ ಪ್ರತ್ಯಕ್ಷವಾಗುವ ಮಹಾಮುಹೂರ್ತ. ಆಗಲೇ ಹೆಂಡತಿ ತಟ್ಟೆಗಳನ್ನು ಹಿಡಿದು ಬಂದಳು.

"ರೀ, ಮೇಜು ಬಿಡ್ತೀರೋ ಇಲ್ವೋ? ಇನ್ನೆಷ್ಟು ವಾರ ನಾನು ಒಲೆ ಪಕ್ಕ ನಿಂತ್ಕೊಂಡು ಉಣ್ಣಲಿ?"

"ನೀನೂ ಆಡು ಬಾರೇ," ಎಂದರು ಯಜಮಾನರು, ಬಾಯಿ ಮುಚ್ಚಿಸಲು. ಹಾಗಂತ ಅವಳಿಗೇನೂ ಕತ್ತಿ ಕವಚ ಕೊಡಲಿಲ್ಲ. ವೀರರ ಜೊತೆ ಪಂಜು ಹಿಡಿದು ನಡೆಯುವ ಕೂಲಿಯಾಳಿನ ಪಾತ್ರ ಕೊಟ್ಟರು.

ಹೆಂಡತಿ ಕುಳಿತಳು. ಯಜಮಾನರು ದನಿ ತಗ್ಗಿಸಿದರು. "ಡ್ರ್ಯಾಗನ್ ಕಣ್ಣು ಬಿಡ್ತು! ಏನು ಮಾಡ್ತೀರಿ?"

"ನಾನು ಮನೆಗೆ ಹೋಗ್ತೀನಿ," ಎಂದಳು ಹೆಂಡತಿ. "ಕೂತು ಉಣ್ಣೋಕೆ ಜಾಗ ಇಲ್ಲದ ಕಡೆ ಕೂಲಿ ಮಾಡಲ್ಲ. ಪಂಜು ನನ್ನ ಕೈಲಿದೆ, ಹೊರಟೆ."

"ಹಾಗೆಲ್ಲ ಹೋಗೋಕಾಗಲ್ಲ ಕಣೇ!"

"ಆಗುತ್ತೆ ಭಾವ," ಎಂದ ಭಾವಮೈದ ಅಳುಮೋರೆ ಮಾಡಿಕೊಂಡು. "ಕೂಲಿಯಾಳು ಕೈಕೊಡ್ತಾನಾ ಅಂತ ದಾಳ ಹಾಕಿ ನೋಡ್ಬೇಕು. ನೀವೇ ಮಾಡಿದ ನಿಯಮ."

ಯಜಮಾನರು ದಾಳ ಉರುಳಿಸಿದರು. ಅದೂ ಅವಳ ಕಡೆಗೇ ಬಿತ್ತು. (ದಾಳವೂ ಅದೇ ಮನೆಯಲ್ಲಿ ಬಾಳಬೇಕಲ್ಲ.)

"ಈಗ ನಮಗೇನು ಕಾಣ್ತಿದೆ?" ಎಂದರು ಮೇಷ್ಟ್ರು.

"ಏನೂ ಇಲ್ಲ," ಎಂದರು ಊರಿಗೆಲ್ಲ ಕಣ್ಣು ಕಾಣಿಸುವ ಯಜಮಾನರು, ಹಲ್ಲು ಕಡಿಯುತ್ತ.

"ಅತ್ತಿಗೆ, ವಾಪಸ್ ಬನ್ನಿ! ಏನು ಬೇಕು ಕೇಳಿ!" ಎಂದು ಮೇಷ್ಟ್ರು ಗೋಗರೆದರು.

"ಮೊದಲು ಊಟ, ಆಮೇಲೆ ಆಟ. ಉಂಡ ಪಾತ್ರೆ ಗುಹೆಯ ಒಡೆಯರು ತೊಳೀಬೇಕು."

"ಒಪ್ಪಿದ್ವಿ!" ಎಂದು ವೀರರಿಬ್ಬರೂ ಕೂಗಿದರು.

"ನನ್ನ ಪರವಾಗಿ ಒಪ್ಪೋಕೆ ನೀವ್ಯಾರ್ರೀ?" ಎಂದು ಯಜಮಾನರು ಹಾರಾಡಿದರು. ಅಷ್ಟರಲ್ಲಿ ನಕ್ಷೆ ಮಡಚಿಯಾಗಿತ್ತು, ತಟ್ಟೆ ಇಟ್ಟಾಗಿತ್ತು.

ಊಟವಾಯಿತು. ಮೊಣಕೈವರೆಗೆ ಸೋಪಿನ ನೊರೆಯಲ್ಲಿ ನಿಂತ ಯಜಮಾನರಿಗೆ ಒಂದೇ ಸಮಾಧಾನ: ತಾವಿಲ್ಲದೆ ಆಟ ನಡೆಯುವುದಿಲ್ಲ. ಅಷ್ಟರಲ್ಲಿ ದಾಳ ಉರುಳಿದ ಸದ್ದು ಕೇಳಿಸಿತು. ಒದ್ದೆ ಕೈಯಲ್ಲೇ ಓಡಿಬಂದರು. ರಟ್ಟಿನ ಮರೆಯ ಹಿಂದೆ, ಅವರದೇ ಕುರ್ಚಿಯಲ್ಲಿ, ಹೆಂಡತಿ! ವೀರರಿಬ್ಬರೂ ಉಸಿರು ಬಿಗಿಹಿಡಿದು ಕುಳಿತಿದ್ದರು. ಇಂಥ ಏಕಾಗ್ರತೆ ಯಜಮಾನರ ಎದುರು ಎಂದೂ ಇರಲಿಲ್ಲ.

"ಶ್! ಡ್ರ್ಯಾಗನ್ ಮಲಗಿದೆ ಭಾವ," ಎಂದು ಭಾವಮೈದ ಪಿಸುಗುಟ್ಟಿದ. "ಪಕ್ಕದಲ್ಲೇ ನಿಧಿ."

"ಮಲಗಿದೆಯಾ? ನನ್ನ ಡ್ರ್ಯಾಗನ್ ಮಟಮಟ ಮಧ್ಯಾಹ್ನ ಮಲಗುತ್ತೇನೋ?"

"ಹೊಟ್ಟೆ ತುಂಬ ಉಂಡಿದೆ, ಮಲಗದೆ ಇನ್ನೇನು ಮಾಡುತ್ತೆ?" ಎಂದಳು ಹೆಂಡತಿ, ನಕ್ಷೆಯಿಂದ ತಲೆ ಎತ್ತದೆ. "ಅಡುಗೆಮನೇಲಿ ಸದ್ದಾದ್ರೆ ಎದ್ದು ಇವರಿಬ್ಬರನ್ನೂ ಸುಟ್ಟುಬಿಡುತ್ತೆ. ಇದು ನನ್ನ ನಿಯಮ."

ಯಜಮಾನರು ಕೆಂಡಾಮಂಡಲವಾಗಿ ಒಳಗೆ ಹೋದರು. ಬಾಣಲೆಯನ್ನು ಮಾತ್ರ ಸದ್ದಾಗದಂತೆ ಮೆಲ್ಲಗೆ ತಿಕ್ಕಿದರು.